ಹಕಾರಕ್ಕೊಂದು ಧಿಕ್ಕಾರ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ‘ಅಲೋ’ ಅಂತಲೇ ಕರೆಯುತ್ತಿದ್ದರು. ಫೋನ್ ಎತ್ತಿದರೆ ಅವಳ ಬಾಯಿಂದ ‘ಹಲೋ’ ಬರುತ್ತಿರಲಿಲ್ಲ, ‘ಅಲೋ’ ಬರುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರೊಂದು ಹಾಜರಿ ಪುಸ್ತಕದಲ್ಲಿ ಇತ್ತು, ನಿಜ. ಆದರೆ ಆ ಹೆಸರೂ ಹಕಾರದಿಂದಲೇ ಶುರುವಾಗುತ್ತಿದ್ದುದರಿಂದ ಅವಳೇ ಅದನ್ನು ಬಳಸುವುದನ್ನು ಬಿಟ್ಟಿದ್ದಳು. ತನ್ನ ಹೆಸರನ್ನು ತಾನೇ ತಪ್ಪಾಗಿ ಹೇಳಿ, ಕೇಳಿದವರು ಇನ್ನೊಂದು ಸಲ ಕೇಳಿ, ಇವಳು ಇನ್ನೊಂದು ಸಲ ತಪ್ಪಾಗಿ ಹೇಳಿ, ಇಷ್ಟೆಲ್ಲ ತಾಪತ್ರಯ ಯಾರಿಗೆ ಬೇಕು? ಅಲೋ ಅಂದರೆ ಅಲೋ.

ಅವಳು ಹುಟ್ಟಿದ ಮನೆಯಲ್ಲಿ ಯಾರಿಗೂ ಹ ಇರಲಿಲ್ಲ. ಅಜ್ಜಿ ಆಲು ಕಾಯಿಸುತ್ತಿದ್ದಳು, ತಾತ ಅಲ್ಲು ಉಜ್ಜುತ್ತಿದ್ದ, ಅಪ್ಪ ಒತ್ತು ಮೂಡುವ ಮುಂಚೆ ಕೆಲಸಕ್ಕೆ ಓಗುತ್ತಿದ್ದ. ಇದರಿಂದ ಮನೆಯಲ್ಲಿ ಯಾವುದಕ್ಕೂ ಕೊರತೆಯಾಗಲಿಲ್ಲ. ಹಾಲು ಉಕ್ಕುವುದಕ್ಕೆ ಬೆಂಕಿ ಬೇಕು, ಹಕಾರ ಬೇಕಾಗಿಲ್ಲ. ಹಕಾರ ಬೇಕಾದದ್ದು ಶಾಲೆಯಲ್ಲಿ. ಅಲ್ಲಿ ಮೇಷ್ಟ್ರು ಹಲಗೆಯ ಮೇಲೆ ‘ಹದ್ದು ಹಾವನ್ನು ಹಿಡಿಯಿತು’ ಅಂತ ಬರೆದರು. ಇವಳು ‘ಅದ್ದು ಆವನ್ನು ಇಡಿಯಿತು’ ಅಂತ ಓದಿದಳು. ಮೇಷ್ಟ್ರು ಇವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಆ ವರ್ಷ ಅವಳು ಓದಿದ್ದಕ್ಕಿಂತ ನಿಂತದ್ದೇ ಹೆಚ್ಚು.

ಆ ಬೆಂಚಿನ ಮೇಲೆ ಎರಡನೇ ರೋಗ ಹತ್ತಿಕೊಂಡಿತು. ಹೆದರಿದಾಗ, ಬೇಡದ ಕಡೆಯಲ್ಲೆಲ್ಲ ಹ ಬಂದು ಕೂರತೊಡಗಿತು. ಅಕ್ಕಿ ಹಕ್ಕಿಯಾಗಿ ಹಾರಿಹೋಯಿತು, ಊರು ಹೂರಾಯಿತು. ನೆಮ್ಮದಿಯಾಗಿದ್ದರೆ ಹ ಹೋಗುತ್ತದೆ, ಗಾಬರಿಯಾದರೆ ಹ ಬರುತ್ತದೆ. ಅವಳ ಮನಸ್ಸಿನ ಹದ ತಿಳಿಯಬೇಕಾದರೆ ನಾಡಿ ಹಿಡಿಯಬೇಕಾಗಿರಲಿಲ್ಲ, ನುಡಿ ಹಿಡಿದರೆ ಸಾಕಿತ್ತು.

ಇಂಗ್ಲಿಷಿನವರು ‘ಅವರ್’ಗೂ ‘ಆನೆಸ್ಟ್’ಗೂ ಮುಂದೊಂದು ಎಚ್ ಬರೆದಿಟ್ಟು, ಓದುವಾಗ ನಾಜೂಕಾಗಿ ನುಂಗುತ್ತಾರೆ. ಕಾನ್ವೆಂಟಿನಲ್ಲಿ ನಮಗೆ ಹಾಗೆ ನುಂಗುವುದನ್ನು ಸ್ಕೇಲು ಹಿಡಿದು ಕಲಿಸಿದರು. ಅಲ್ಲಿ ನುಂಗಿದರೆ ಪದವಿ, ಇಲ್ಲಿ ನುಂಗಿದರೆ ಪದಚ್ಯುತಿ.

ಪದಚ್ಯುತಿ ಅಂದದ್ದು ಬರೀ ಪ್ರಾಸಕ್ಕಲ್ಲ. ಇಪ್ಪತ್ನಾಲ್ಕನೇ ವಯಸ್ಸಿಗೆ ಅಲೋ ವಿಚಾರಣಾ ಕಿಟಕಿಯ ಕೆಲಸಕ್ಕೆ ಸೇರಿ, ಒಂಬತ್ತು ವರ್ಷ ಮೈಕಿನ ಮುಂದೆ ಕೂತಿದ್ದಳು. ಬಸ್ಸು ಬಂದು ನಿಲ್ಲುವ ಜಾಗಗಳಿಗೆ ಅಲ್ಲಿ ಅಂಕಣ ಅನ್ನುತ್ತಿದ್ದರು. ಒಂದರಿಂದ ಹನ್ನೆರಡರವರೆಗೆ ನೆಲದ ಮೇಲೆ ಹಳದಿ ಬಣ್ಣದಲ್ಲಿ ಬರೆದಿತ್ತು. ಯಾವ ಬಸ್ಸು ಯಾವ ಅಂಕಣಕ್ಕೆ ಅಂತ ಹೇಳುವುದು ಅವಳ ಕೆಲಸ. ಹತ್ತನೇ ಅಂಕಣವನ್ನು ಅವಳು ‘ಅತ್ತು’ ಅನ್ನುತ್ತಿದ್ದಳು, ಯಾರೂ ಅಳದೆ ಹತ್ತಿ ಹೋಗುತ್ತಿದ್ದರು. ಅವಳಿಗೆ ಇನ್ನೊಂದು ವಿದ್ಯೆಯಿತ್ತು. ಗೇಟಿನ ತಿರುವಿನಲ್ಲಿ ಬಸ್ಸಿನ ಮೂತಿ ಕಾಣುವ ಮುಂಚೆಯೇ, ಎಂಜಿನ್ನಿನ ಸದ್ದಿನಿಂದ ಅದು ಯಾವ ಬಸ್ಸು ಅಂತ ಹೇಳಿಬಿಡುತ್ತಿದ್ದಳು. ಅಮ್ಮಂದಿರು ಮಕ್ಕಳ ಕೆಮ್ಮು ಗುರುತಿಸುವ ಹಾಗೆ.

ಆಮೇಲೊಂದು ದಿನ ದೊಡ್ಡ ಅಧಿಕಾರಿ ಬಂದರು. ನಿಲ್ದಾಣದ ಮೇಲ್ವಿಚಾರಣೆ ನೋಡುವ ಕಂಟ್ರೋಲರ್ ಸಾಹೇಬರು, ನುಣ್ಣಗೆ ಕ್ರಾಪು ಬಾಚಿದ, ಎದೆಯ ಜೇಬಿನಲ್ಲಿ ಮೂರು ಪೆನ್ನು ಇಟ್ಟ ಮನುಷ್ಯ, ಒಂದು ಚೀಟಿ ಬರೆದುಕೊಟ್ಟು ಮೈಕಿನಲ್ಲಿ ಓದು ಅಂದರು. ‘ಮಾನ್ಯ ಅಧಿಕಾರಿಗಳಿಗೆ ಆದರದ ಸ್ವಾಗತ.’ ಅಷ್ಟೇ. ಸಾಹೇಬರು ಬೆನ್ನ ಹಿಂದೆಯೇ ನಿಂತಿದ್ದರು. ಅಲೋ ಗುಂಡಿ ಒತ್ತಿದಳು. ಇಪ್ಪತ್ತು ಲೌಡ್‌ಸ್ಪೀಕರುಗಳಲ್ಲಿ ಅಧಿಕಾರಿಗಳಿಗೆ ‘ಹಾದರದ ಸ್ವಾಗತ’ ದೊರೆಯಿತು. ಅವರ ಪಕ್ಕದಲ್ಲಿ ಅವರ ಹೆಂಡತಿಯೂ ಇದ್ದರು.

ಮಾರನೆಯ ದಿನವೇ ಅಲೋಳನ್ನು ‘ಕಳೆದುಹೋದ ವಸ್ತುಗಳ ಕೊಠಡಿ’ಗೆ ಹಾಕಿದರು. ಒಂದು ಅಕ್ಷರ ಕಳೆದುಕೊಂಡವಳಿಗೆ ಅದಕ್ಕಿಂತ ತಕ್ಕ ಜಾಗ ಇನ್ನಾವುದಿದೆ? ಅಲ್ಲಿ ನಲವತ್ತೊಂದು ಛತ್ರಿ, ಒಂಟಿ ಚಪ್ಪಲಿಗಳು, ಮೂರು ಊರುಗೋಲು (ಅವುಗಳ ಯಜಮಾನರು ಹೇಗೆ ನಡೆದು ಹೋದರೋ) ಮತ್ತು ಅಲೋ, ಎಂಟು ವರ್ಷ ಕಾಲ ಹಾಕಿದರು. ಛತ್ರಿಗಳನ್ನು ಕೇಳಿಕೊಂಡು ಆಗೀಗ ಯಾರಾದರೂ ಬರುತ್ತಿದ್ದರು.

ಒಂದು ಮಧ್ಯಾಹ್ನ ಬಾಗಿಲ ಬೆಳಕು ಕತ್ತಲಾಯಿತು. ಬಾಗಿಲು ತುಂಬ ಒಬ್ಬ ಹೆಂಗಸು. ನೀಲಿ ಅಂಗಿ, ಮೊಣಕೈವರೆಗೆ ಗ್ರೀಸು. ನಿಲ್ದಾಣದ ಹಿಂದಿನ ವರ್ಕ್‌ಶಾಪಿಗೆ ಹೊಸದಾಗಿ ಬಂದ ಮೆಕ್ಯಾನಿಕ್. ಅಲ್ಲಿದ್ದ ಮೂವತ್ತು ಗಂಡಸರ ನಡುವೆ ಒಬ್ಬಳೇ ಹೆಂಗಸು. ಬಂದ ವಾರದಲ್ಲೇ ಅವಳಿಗೆ ‘ಸ್ಪ್ಯಾನರ್’ ಅಂತ ಹೆಸರು ಬಿದ್ದಿತ್ತು.

“ಉಳಿ ಏನಾದ್ರೂ ಬಂದಿದೆಯಾ ಅಕ್ಕ? ರಿಪೇರಿ ಮಾಡ್ತಿದ್ದ ಬಸ್ಸಲ್ಲೇ ಬಿಟ್ಟುಬಿಟ್ಟೆ, ಅದು ರೂಟಿಗೆ ಹೋಗಿಬಿಡ್ತು.”

ಹೊಸ ಮುಖ. ಅಲೋಗೆ ಗಾಬರಿ. “ಹುಳಿ ಹಿಲ್ಲ ಹಮ್ಮ.”

“ಏನು?”

“ಹುಳಿ ಬಂದಿಲ್ಲ. ಹಿಲ್ಲಿ ಹೇನೂ ಹಿಲ್ಲ.”

ಸ್ಪ್ಯಾನರ್ ತಲೆ ಕೆರೆದುಕೊಂಡಳು. “ಹೇನು ಬೇಡಕ್ಕ, ಅದು ನನ್ನ ಹತ್ರಾನೇ ಸ್ಟಾಕಿದೆ. ನಂಗೆ ಬೇಕಾಗಿರೋದು ಉಳಿ,” ಅಂದು, ಗೋಡೆಯ ಮೇಲಿನ ಛತ್ರಿಗಳು ಅಲ್ಲಾಡುವ ಹಾಗೆ ನಕ್ಕಳು.

ಅಲೋ ಬೇಕಾದಷ್ಟು ನಗು ಕಂಡಿದ್ದಳು. ಅವೆಲ್ಲ ಅಂಗೈ ಅಡ್ಡ ಹಿಡಿದ ನಗು, ಬಾಗಿಲು ದಾಟಿದ ಮೇಲೆ ಒಡೆಯುವ ನಗು. ಇದು ಮುಖಕ್ಕೇ ಬಡಿದ ನಗು. ಬಡಿದು, ಅಲ್ಲೇ ನಿಂತು, ನೀನೂ ಬಾ ಅಂತ ಕಾಯುತ್ತಿತ್ತು. ಅಲೋ ಹೋದಳು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಕ್ಕಾದ ಮೇಲೆ ಅಲೋ ಕಣ್ಣೊರೆಸಿಕೊಂಡು, “ಕೂತ್ಕೋ ಬಾರೇ. ಉಳಿ ಸಿಕ್ಕಿದ್ರೆ ಏಳಿ ಕಳಿಸ್ತೀನಿ,” ಅಂದಳು. ಹ ಹೋಗಿತ್ತು. ಅಂದರೆ ಹೆದರಿಕೆ ಹೋಗಿತ್ತು.

ಅಲ್ಲಿಂದ ದಿನವೂ ಊಟದ ಡಬ್ಬಿ ಬಿಚ್ಚುವುದು ಛತ್ರಿಗಳ ನೆರಳಿನಲ್ಲೇ ಆಯಿತು. ಸ್ಪ್ಯಾನರ್‌ಗೂ ತನ್ನದೇ ಕಥೆಯಿತ್ತು. ಅವಳು ರಿಪೇರಿ ಮಾಡಿದ ಬಸ್ಸನ್ನು ಡ್ರೈವರುಗಳು ಹಾಗೇ ತೆಗೆದುಕೊಂಡು ಹೋಗುತ್ತಿರಲಿಲ್ಲ. “ಯಾರಾದ್ರೂ ಗಂಡಸರ ಕೈಲಿ ಒಂದ್ಸಲ ನೋಡ್ಸಿ” ಅನ್ನುತ್ತಿದ್ದರು. ಗಂಡಸರೊಬ್ಬರು ಬಂದು ಬಾನೆಟ್ ಎತ್ತಿ, ಹೂಂ ಅಂದು, ಮುಚ್ಚಿ ಹೋಗುತ್ತಿದ್ದರು. ಆಗ ಬಸ್ಸು ಸರಿಹೋಯಿತು ಅಂತ ಲೆಕ್ಕ. ಒಂದು ದಿನ ಹಾಗೆ ತಕರಾರು ತೆಗೆದ ಡ್ರೈವರಿಗೆ ಅಲೋ ತನ್ನ ಕೊಠಡಿಯ ಕಿಟಕಿಯಿಂದಲೇ ಕೂಗಿದಳು.

“ಅಣ್ಣ, ಎಂಜಿನ್ ಸ್ಟಾರ್ಟ್ ಮಾಡಿ ಕೇಳಿ. ಸದ್ದು ಗಂಡಸಿಂದಾ ಎಂಗಸಿಂದಾ ಏಳಿ ನೋಡೋಣ!”

ಡ್ರೈವರ್ ಕೇಳಿದ. ನಾಲ್ಕು ತಿಂಗಳಿಂದ ಗೊರಗೊರ ಅನ್ನುತ್ತಿದ್ದ ಬಸ್ಸು ತೊಟ್ಟಿಲ ಮಗುವಿನ ಹಾಗೆ ಉಸಿರಾಡುತ್ತಿತ್ತು. ಅವನು ಗೇರು ಹಾಕಿದ.

ಅದೇ ವಾರ ಅಲೋ ಮಗಳ ಶಾಲೆಯಲ್ಲಿ ಪೋಷಕರ ಸಭೆ. ಮಗಳಿಗೆ ಹದಿನಾಲ್ಕು. ಗಂಡ ಹೊಲಿಗೆ ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ, ಅಲೋ ಹೊರಟಳು. ದಾರಿಯಲ್ಲಿ ಮಗಳು ಚಪ್ಪಲಿ ನೋಡಿಕೊಂಡು, “ಅಮ್ಮ, ಅಲ್ಲಿ ನೀನು ಜಾಸ್ತಿ ಮಾತಾಡ್ಬೇಡ,” ಅಂದಳು. ಅಲೋ ಜಾಸ್ತಿಯೂ ಆಡಲಿಲ್ಲ, ಕಮ್ಮಿಯೂ ಆಡಲಿಲ್ಲ. ಟೀಚರ್ ಎರಡು ಪ್ರಶ್ನೆ ಕೇಳಿದರು, ಇವಳು ಎರಡಕ್ಕೂ ತಲೆಯಾಡಿಸಿದಳು. ಟೀಚರ್ ಮೆಲ್ಲಗೆ ಮಗಳನ್ನು ಕೇಳಿದರು: “ಅಮ್ಮನಿಗೆ ಮಾತು ಬರಲ್ವಾ?”

ಮಗಳು ನೆಲ ನೋಡಿದಳು. “ಇಲ್ಲ ಮಿಸ್.”

ಟೀಚರ್ ಪಾಪ, ಒಳ್ಳೆಯವರು. ಆಮೇಲಿನದನ್ನೆಲ್ಲ ಕೈಸನ್ನೆಯಲ್ಲಿ ಹೇಳಿದರು. ಗಣಿತ ಅನ್ನುವುದಕ್ಕೆ ಗಾಳಿಯಲ್ಲಿ ಕೂಡು ಚಿಹ್ನೆ ಬರೆದು, ಹೆಬ್ಬೆರಳನ್ನು ಕೆಳಗೆ ಮಾಡಿ ತೋರಿಸಿದರು. ಅಲೋ ತಲೆಯಾಡಿಸಿದಳು.

ಮಾರನೆಯ ದಿನ ಇದನ್ನು ಕೇಳಿ ಸ್ಪ್ಯಾನರ್ ನಗಲಿಲ್ಲ. ಡಬ್ಬಿ ಮುಚ್ಚಿದಳು. “ಮಗಳಿಗೆ ಬೈದ್ಯಾ?”

“ಇಲ್ಲ ಕಣೇ. ಅವಳು ಮಾಡಿದ್ದೇ ಸರಿ ಅಂತ ಆ ಒತ್ತಲ್ಲಿ ನಂಗೇ ಅನ್ನಿಸ್ಬಿಡ್ತು. ಅದಕ್ಕೇ ಒಟ್ಟೆ ಉರೀತಿದೆ.”

ಉರಿ ಆರುವ ಮುಂಚೆ ನೋಟಿಸ್ ಬೋರ್ಡಿನ ಮೇಲೆ ಒಂದು ಕಾಗದ ಬಿತ್ತು. ಮೈಕಿನ ಕೆಲಸದಲ್ಲಿದ್ದವರು ನಿವೃತ್ತರಾಗುತ್ತಿದ್ದಾರೆ, ಆಸಕ್ತ ಸಿಬ್ಬಂದಿಗೆ ಧ್ವನಿ ಪರೀಕ್ಷೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಕಳೆದುಹೋದ ವಸ್ತುಗಳ ಕೊಠಡಿಯನ್ನು ತಿಂಗಳ ಕೊನೆಗೆ ಮುಚ್ಚಲಾಗುವುದು. ಅಲೋ ಅರ್ಜಿ ಹಿಡಿದು ಕಂಟ್ರೋಲರ್ ಮುಂದೆ ನಿಂತಳು.

“ನೀವಾ?” ಅಂದರು ಸಾಹೇಬರು. “ಅಮ್ಮ, ಹಾದರದ ಸ್ವಾಗತ ಇನ್ನೂ ನನ್ನ ಕಿವಿಯಿಂದ ಇಳಿದಿಲ್ಲ. ಅರ್ಜಿ ಕೊಡೋದು ನಿಮ್ಮ ಹಕ್ಕು, ಕೊಡಿ. ಆದ್ರೆ ಶೌಚಾಲಯದ ಟೋಕನ್ ಕಿಟಕಿ ಕಾಲಿ ಇದೆ, ಅದಕ್ಕೆ ನಿಮ್ಮ ಹೆಸರು ಬರೆದಿಟ್ಟಿದೀನಿ. ಮಾತಿನ ಕೆಲಸಾನೇ ಇಲ್ಲ. ಟೋಕನ್ ಕೊಡೋದು, ಸುಮ್ಮನಿರೋದು. ನಿಮಗೆ ಹೇಳಿ ಮಾಡಿಸಿದ ಹಾಗಿದೆ.”

“ಹೇಳದೇ ಮಾಡಿಸಿದ ಹಾಗಿದೆ ಸಾರ್,” ಅಂತ ಅಲೋ ಅಂದುಕೊಂಡಳು. ಮನಸ್ಸಿನಲ್ಲಿ ಅಂದುಕೊಂಡದ್ದರಿಂದ ಹಕಾರಗಳೆಲ್ಲ ಸರಿಯಾಗಿದ್ದವು.

ಅಂದರೆ ಮೈಕು, ಇಲ್ಲದಿದ್ದರೆ ಮೌನ. ಮಧ್ಯದಲ್ಲಿ ಬೇರೆ ಅಂಕಣ ಇರಲಿಲ್ಲ. ಶಾಲೆಯಲ್ಲಿ ಒಂದು ದಿನದ ಮಟ್ಟಿಗೆ ಮೂಕಿಯಾದವಳು ಇನ್ನು ನಿವೃತ್ತಿಯವರೆಗೆ ಸಂಬಳ ತೆಗೆದುಕೊಂಡು ಮೂಕಿಯಾಗಬೇಕು.

“ಹದಿನೈದು ದಿನ ಇದೆ,” ಅಂದಳು ಸ್ಪ್ಯಾನರ್. “ಹ ಅನ್ನೋದು ಏನಕ್ಕ? ಬರೀ ಗಾಳಿ. ನಾನು ಬಸ್ಸಿನ ಟಯರಿಗೆ ಗಾಳಿ ತುಂಬೋಳು, ನಿಂಗೆ ತುಂಬಕ್ಕಾಗಲ್ವಾ?”

ಅವಳು ಟಿಕೆಟ್ ಯಂತ್ರದ ಕಾಗದದ ಸುರುಳಿಯಿಂದ ಬೆರಳುದ್ದದ ಚೀಟಿ ಹರಿದು ಅಲೋ ಬಾಯಿಯ ಮುಂದೆ ನೇತುಹಾಕಿ ಹಿಡಿದಳು. ‘ಅ’ ಅಂದರೆ ಚೀಟಿ ಸುಮ್ಮನಿರಬೇಕು, ‘ಹ’ ಅಂದರೆ ಹಾರಬೇಕು. ಇಷ್ಟೇ ಪಾಠ. ಮೊದಲ ವಾರ ಚೀಟಿ ಅಲ್ಲಾಡಲಿಲ್ಲ. ಎರಡನೇ ವಾರ ನಿಲ್ಲಲಿಲ್ಲ.

“ಆರು ಅನ್ನಕ್ಕ.”

“ಹಾರು.”

“ಹಾರ್ಬೇಡ, ಆರು. ಐದು ಆದ್ಮೇಲೆ.”

“ಹೈದು ಹಾದ್ಮೇಲೆ ಹಾರು.”

“ಅಕ್ಕ, ಗಾಳಿ ಜಾಸ್ತಿ ಆದ್ರೂ ಟಯರ್ ಸಿಡಿಯುತ್ತೆ ಕಣೇ!”

ಕೊನೆಕೊನೆಗೆ ಅಲೋಗೆ ಮಾತೇ ಭಾರವಾಯಿತು. ಒಂದು ಲೋಟ ನೀರು ಕೇಳಬೇಕಾದರೂ ಆ ವಾಕ್ಯದಲ್ಲಿ ಎಷ್ಟು ಹ ಇದೆ ಅಂತ ಎಣಿಸಿ, ಎದ್ದು ಹೋಗಿ ತಾನೇ ಕುಡಿದು ಬರುತ್ತಿದ್ದಳು. ಪರೀಕ್ಷೆಯ ಹಿಂದಿನ ದಿನ ಸ್ಪ್ಯಾನರ್ ಚೀಟಿಯನ್ನು ಅವಳ ಕೈಗೆ ಕೊಟ್ಟು, “ಬರದಿದ್ರೆ ಬಿಡಕ್ಕ. ನೀನು ಮಾತಾಡೋದು ನಂಗೆ ಇವತ್ತಿನವರೆಗೂ ಅರ್ಥ ಆಗದೇ ಇದ್ದಿದ್ದು ಒಂದೇ ಸಲ. ಅವತ್ತು ನೀನು ಹೆದರಿಕೊಂಡಿದ್ದೆ,” ಅಂದಳು.

ಪರೀಕ್ಷೆ ಮಹಡಿಯ ಮೇಲಿನ ಕೋಣೆಯಲ್ಲಿ. ಮೇಜಿನ ಹಿಂದೆ ಕಂಟ್ರೋಲರ್ ಸಾಹೇಬರು ಮತ್ತು ಮೇಲಿನ ಕಚೇರಿಯಿಂದ ಬಂದ ಮೇಡಂ. ಪರೀಕ್ಷೆಗೆ ಬಂದವರು ಇಬ್ಬರೇ. ಇನ್ನೊಬ್ಬ ರಿಸರ್ವೇಷನ್ ಕೌಂಟರಿನ ಗುಮಾಸ್ತ. ಅವನ ಗಂಟಲು ಎಷ್ಟು ಸಿಹಿಯೆಂದರೆ ಎಲ್ಲರೂ ‘ಜೇನು’ ಅನ್ನುತ್ತಿದ್ದರು. ಅವನು ಸಾಹೇಬರು ಬರೆದ ಹಾಳೆಯನ್ನು ಒಂದು ಕಲೆಯಿಲ್ಲದೆ ಓದಿ ಮುಗಿಸಿದ. ಮೇಡಂ ತಲೆದೂಗಿದರು.

ಅಲೋ ಹಾಳೆ ಹಿಡಿದಳು. ‘ಹನ್ನೊಂದು ಹತ್ತರ ಹೊಸ ಬಸ್ಸು ಅಂಕಣ ಆರರಿಂದ ಹೊರಡಲಿದೆ. ಹಿರಿಯರು ಒಳಗೆ ಹೋಗಿ.’ ಪ್ರತಿ ಸಾಲಿಗೂ ಹುಡುಕಿ ಹುಡುಕಿ ಹಕಾರ ಹಾಕಿದ್ದರು ಸಾಹೇಬರು, ಪಾಯಸಕ್ಕೆ ದ್ರಾಕ್ಷಿ ಹಾಕಿದ ಹಾಗೆ. ಎರಡು ರೋಗವೂ ಒಟ್ಟಿಗೆ ಬಂದವು.

“ಅನ್ನೊಂದು ಅತ್ತರ ಒಸ ಬಸ್ಸು ಹಂಕಣ ಹಾರರಿಂದ ಒರಡಲಿದೆ. ಇರಿಯರು ಹೊಳಗೆ...”

“ಸಾಕು ಸಾಕು, ಯಾರನ್ನೂ ಇರಿಯೋದು ಬೇಡ,” ಸಾಹೇಬರು ಕೈ ಎತ್ತಿದರು. “ನೋಡಿದ್ರಲ್ಲ ಮೇಡಂ? ಬಾಷೆ ಅಂದ್ರೆ ಶುದ್ದವಾಗಿರಬೇಕು. ಬರೀ ದ್ವನಿ ಇದ್ರೆ ಸಾಲ್ದು. ಗೋಷಣೆ ಅನ್ನೋದು ಸಾರ್ವಜನಿಕರ ಜೊತೆ ಮಾಡೋ ಸಂಬಾಷಣೆ.”

ಅಲೋ ಕಿವಿ ನಿಮಿರಿತು. ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸ ಮಾಡದೇ ಓಡುವ ಎಂಜಿನ್ನಿನ ಸದ್ದು ಅವಳಿಗೆ ಗೊತ್ತಿತ್ತು. ಬಸ್ಸು ಓಡುತ್ತದೆ, ಪ್ರಯಾಣಿಕರಿಗೆ ಗೊತ್ತಾಗುವುದಿಲ್ಲ, ಆದರೆ ಎಲ್ಲೋ ಒಂದು ಕಡೆ ಉಸಿರು ಬೀಳುತ್ತಿಲ್ಲ. ಹದಿನೈದು ದಿನ ಉಸಿರನ್ನೇ ಕಾಯುತ್ತ ಕೂತ ಕಿವಿಗೆ ಇವತ್ತು ಅದು ಸಾಹೇಬರ ಬಾಯಲ್ಲಿ ಕೇಳಿಸಿತು.

“ಸಾರ್, ಆ ಮಾತು ಇನ್ನೊಂದ್ಸಲ ಏಳಿ.”

“ಯಾವ ಮಾತು?”

“ಯಾವುದು ಶುದ್ದವಾಗಿರ್ಬೇಕು ಅಂದ್ರೋ, ಅದು. ಅದರ ಮೊದಲ್ನೇ ಅಕ್ಷರ ಎಂಗೆ ಬರೀತಾರೆ?”

“ಇದೇನು ನಂಗೆ ಪರೀಕ್ಷೆನಾ? ಮಹಾಪ್ರಾಣದ ಬ. ಕೆಳಗೊಂದು ಗೀಟು.”

ಅಲೋ ಚೀಟಿ ತೆಗೆದು, ಮೇಜಿನ ಮೇಲೆ ಬಾಗಿ, ಸಾಹೇಬರ ಮೀಸೆಯ ಮುಂದೆ ನೇತುಹಾಕಿ ಹಿಡಿದಳು. “ಮಾಪ್ರಾಣ ಇದ್ರೆ ಈ ಚೀಟಿ ಆರುತ್ತೆ ಸಾರ್. ಏಳಿ.”

ಮೇಡಂ ಮುಂದಿಲ್ಲದಿದ್ದರೆ ಸಾಹೇಬರು ಬೈದು ಕಳಿಸುತ್ತಿದ್ದರು. ಮೇಡಂ ಕುತೂಹಲದಿಂದ ನೋಡುತ್ತಿದ್ದರು. “ಬಾಷೆ,” ಅಂದರು ಸಾಹೇಬರು. ಚೀಟಿ ಅಲ್ಲಾಡಲಿಲ್ಲ. “ಬಾಷೆ!” ಅಂದರು ಜೋರಾಗಿ. ಚೀಟಿಯ ಮೇಲೆ ಉಗುಳು ಬಿತ್ತು, ಉಸಿರು ಬೀಳಲಿಲ್ಲ. ಮೇಡಂ ಇನ್ನೊಂದು ಚೀಟಿ ಹರಿದುಕೊಂಡು, ಗೋಡೆ ಕಡೆ ತಿರುಗಿ, ಮೆಲ್ಲಗೆ ‘ದ್ವನಿ’ ಅಂದು ನೋಡಿದರು. ಅದೂ ಗೋಡೆ ಕ್ಯಾಲೆಂಡರಿನ ಹಾಗೆ ನೆಟ್ಟಗೆ ನಿಂತಿತ್ತು. ಅವರ ಹೆಗಲು ಕುಲುಕತೊಡಗಿತು. ಜೇನು ಹೇಳಿದಾಗ ಮಾತ್ರ ಚೀಟಿ ಮರ್ಯಾದೆಗೆ ಒಂಚೂರು ಬಾಗಿತು.

“ಮಾಪ್ರಾಣ ಅಂದ್ರೆ ದೊಡ್ಡ ಪ್ರಾಣ,” ಅಂದಳು ಅಲೋ. ಈಗ ಅವಳ ಮಾತಿನಲ್ಲಿ ಒಂದೂ ಹ ಇರಲಿಲ್ಲ. “ಅಂತದ್ದನ್ನೇ ನೀವೆಲ್ಲ ನುಂಗ್ತೀರ, ನಿಮ್ಮನ್ನ ಯಾರೂ ಬೆಂಚಿನ ಮೇಲೆ ನಿಲ್ಸಲ್ಲ. ನಾನು ಒಂದು ಅ ನುಂಗಿದ್ದಕ್ಕೆ ಎಂಟು ವರ್ಷ ಚತ್ರಿ ಕಾಯ್ಬೇಕಾ? ನಂಗೂ ಮಾಪ್ರಾಣ ಬರಲ್ಲ ಸಾರ್. ಆದ್ರೆ ನಾನು ಅದಕ್ಕೋಸ್ಕರ ಯಾರನ್ನೂ ಟೋಕನ್ ಕಿಟಕಿಗೆ ಆಕಿಲ್ಲ.”

“ಅಹಂಕಾರ! ಎಷ್ಟು ಅಹಂಕಾರ ನೋಡಿ ಮೇಡಂ!”

“ಅದರಲ್ಲೂ ನಡುವೆ ಒಂದು ಅ ಇದೆ ಸಾರ್. ಆ ಪದಾನೂ ನಂಗೆ ಏಳಕ್ಕೆ ಬರಲ್ಲ. ಬಾಯಿಗೇ ಬರದೇ ಇರೋದು ತಲೆಗೆ ಎಂಗೆ ಏರುತ್ತೆ?”

ಮೇಡಂ ಕಣ್ಣೊರೆಸಿಕೊಂಡರು. ಆದರೆ ಅವರು ನಕ್ಕು ಕರಗಿಹೋಗುವ ಪೈಕಿ ಅಲ್ಲ. “ಅದೆಲ್ಲ ಸರಿಯಮ್ಮ. ನೀವು ಹತ್ತನ್ನ ಅತ್ತು ಅಂದು, ಆರನ್ನ ಹಾರು ಅಂದು, ಜನ ಬಸ್ ತಪ್ಪಿಸ್ಕೊಂಡ್ರೆ ಯಾರು ಹೊಣೆ?”

“ಇಲ್ಲಿ ಮೇಜಿನ ಮುಂದೆ ಕೂತು ಎಂಗೆ ಗೊತ್ತಾಗುತ್ತೆ ಮೇಡಂ? ಜನ ಕೆಳಗಿದಾರೆ. ಅರ್ದ ಗಂಟೆ ಅವನಿಗೆ ಕೊಡಿ, ಅರ್ದ ಗಂಟೆ ನಂಗೆ ಕೊಡಿ. ಯಾರ ಮಾತು ಕೇಳಿ ಯಾರು ಬಸ್ ತಪ್ಪಿಸ್ಕೊಂಡ್ರು ನೀವೇ ನೋಡಿ. ಒಬ್ರು ತಪ್ಪಿಸ್ಕೊಂಡ್ರೂ ನಾನೇ ಟೋಕನ್ ಕಿಟಕಿಗೆ ಓಗ್ತೀನಿ.”

ಕೆಳಗೆ ಇಳಿದರು. ಮೊದಲು ಜೇನು. ಅವನು ವೇಳಾಪಟ್ಟಿಯ ಹಾಳೆಯನ್ನು ಎದುರಿಗಿಟ್ಟುಕೊಂಡು ಕಿವಿಗೆ ಎಣ್ಣೆ ಬಿಟ್ಟ ಹಾಗೆ ಓದಿದ. ಹಾಳೆಯಲ್ಲಿ ಹದಿನಾಲ್ಕನೇ ನಂಬರಿಗೆ ಅಂಕಣ ಮೂರು ಅಂತಿತ್ತು, ಮೂರು ಅಂದ. ಆದರೆ ಮೂರರಲ್ಲಿ ಬೆಳಗಿನಿಂದ ಒಂದು ಬಸ್ಸು ಕೆಟ್ಟು ನಿಂತು, ಅದರ ಅಡಿಯಿಂದ ಸ್ಪ್ಯಾನರ್‌ಳ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ಹದಿನಾಲ್ಕು ಬಂದು ಎಂಟರಲ್ಲಿ ನಿಂತಿತು. ಜನ ಗಂಟುಮೂಟೆ ಎತ್ತಿಕೊಂಡು ಮೂರಕ್ಕೆ ಹೋದವರು ಎಂಟಕ್ಕೆ ಓಡಿದರು. ಮೂರು ಜನರನ್ನು ಬಿಟ್ಟು ಬಸ್ಸು ಹೊರಟುಹೋಯಿತು. ಜೇನು ಹಾಳೆಯಿಂದ ತಲೆಯೆತ್ತಿರಲಿಲ್ಲ.

ಆಮೇಲೆ ಅಲೋ. ಹಾಳೆಯನ್ನು ಮಗುಚಿಟ್ಟಳು. ಗಾಜಿನ ಕಿಟಕಿ ತೆರೆದಳು, ಸದ್ದು ಒಳಗೆ ಬರಲಿ ಅಂತ. ಗುಂಡಿ ಒತ್ತಿದಳು.

“ಅಲೋ.”

ನಿಲ್ದಾಣದ ತುಂಬ ಒಂದು ಕಿಸಕಿಸ. ಅವಳು ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಕಂಟ್ರೋಲರ್ ಸಾಹೇಬರು, ಎಂಟು ವರ್ಷದ ಹಿಂದಿನ ಹಾಗೆಯೇ, ಬೆನ್ನ ಹಿಂದೆ ನಿಂತಿದ್ದರು. ಅವಳು ತಿರುಗಿ, “ಸಾರ್, ಬಾಗಿಲ ಅತ್ರ ನಿಂತ್ಕೊಳ್ಳಿ. ಗಾಳಿಗೆ ಅಡ್ಡ ಆಗುತ್ತೆ,” ಅಂದಳು. ಅದೂ ಮೈಕಿನಲ್ಲಿ ಹೋಯಿತು. ಸಾಹೇಬರು ಬಾಗಿಲಿಗೆ ಸರಿದರು.

“ಔದು, ಅಲೋನೇ. ಒಂಬತ್ತು ವರ್ಷ ಇಲ್ಲೇ ಇದ್ದೆ. ನಗೋರು ನಗಿ, ಆದ್ರೆ ನಗ್ತಾ ನಗ್ತಾ ಸಾಮಾನು ಮರೀಬೇಡಿ, ಅದನ್ನ ಕಾದು ಕಾದು ನಂಗೆ ಸಾಕಾಗಿದೆ. ಈಗ ಕೇಳಿ. ನಾನು ಅತ್ತು ಅಂದ್ರೆ ಒಂಬತ್ತರ ಪಕ್ಕದ್ದು. ಆರು ಅಂದ್ರೆ ಐದರ ಪಕ್ಕದ್ದು. ಗೊತ್ತಾಯ್ತಾ? ಗೇಟಲ್ಲಿ ತಿರುಗ್ತಿರೋದು ಇಪ್ಪತ್ತೇಳು. ಮೂರರಲ್ಲಿ ಗಾಡಿ ಕೆಟ್ಟಿದೆ, ಅದಕ್ಕೇ ಎಂಟಕ್ಕೆ ಬರುತ್ತೆ. ಕೋಲು ಇಡ್ಕೊಂಡಿರೋ ಅಜ್ಜಿ, ಓಡ್ಬೇಡಿ. ಅದು ಇನ್ನೂ ಆರು ನಿಮಿಷ ನಿಂತಿರುತ್ತೆ.”

ಬಸ್ಸಿನ ಮೂತಿ ಇನ್ನೂ ಕಂಡಿರಲಿಲ್ಲ. ಕಂಡಾಗ ಹಣೆಯ ಮೇಲೆ ಇಪ್ಪತ್ತೇಳು ಅಂತ ಬರೆದಿತ್ತು. ಅಜ್ಜಿ ಓಡಲಿಲ್ಲ.

ಹತ್ತನೇ ಅಂಕಣದಲ್ಲಿ ಕಾಲೇಜು ಹುಡುಗರ ಗುಂಪೊಂದು ನಿಂತಿತ್ತು. ಅಲೋ “ಮೂವತ್ತೊಂದು, ಅಂಕಣ ಅತ್ತು” ಅಂದದ್ದೇ ತಡ, ಎಲ್ಲ ಒಟ್ಟಿಗೆ “ಅತ್ತು! ಅತ್ತು!” ಅಂತ ಕೂಗಿ, ಒಬ್ಬ ಕರ್ಚೀಫು ತೆಗೆದು ಗೊಳೋ ಅಂತ ಅಳುವ ನಾಟಕ ಮಾಡಿದ. ಇಡೀ ನಿಲ್ದಾಣ ಅವನನ್ನೇ ನೋಡಿತು. ಆಮೇಲೆ ಲೌಡ್‌ಸ್ಪೀಕರಿನ ಕಡೆ ನೋಡಿತು.

“ಅತ್ತಿದ್ದು ಸಾಕು,” ಅಂದಿತು ಲೌಡ್‌ಸ್ಪೀಕರ್. “ಬಸ್ ಅತ್ತಿ.”

ಎರಡು ಕ್ಷಣ ಬೇಕಾಯಿತು. ಆಮೇಲೆ ಎದ್ದ ನಗುವಿನಲ್ಲಿ ಎಲ್ಲರಿಗಿಂತ ದೊಡ್ಡದು ಮೂರನೇ ಅಂಕಣದ ಬಸ್ಸಿನ ಅಡಿಯಿಂದ ಬರುತ್ತಿತ್ತು. ಹುಡುಗ ಕರ್ಚೀಫು ಮಡಿಸಿ, ನಗುತ್ತ ಹತ್ತಿದ. ಅರ್ಧ ಗಂಟೆಯಲ್ಲಿ ಯಾರೂ ಬಸ್ ತಪ್ಪಿಸಿಕೊಳ್ಳಲಿಲ್ಲ.

ಆದೇಶ ಎರಡು ದಿನಕ್ಕೆ ಬಂತು. ಬೆಳಗಿನ ಪಾಳಿ ಜೇನಿಗೆ, ಮಧ್ಯಾಹ್ನದ್ದು ಅಲೋಗೆ. ಅವಳ ಆದೇಶದ ಕೆಳಗೆ ಕಂಟ್ರೋಲರ್ ಸಾಹೇಬರು ಒಂದು ಷರತ್ತು ಸೇರಿಸಿದ್ದರು: ‘ಮೂರು ತಿಂಗಳಲ್ಲಿ ಹಕಾರವನ್ನು ಕಲಿಯತಕ್ಕದ್ದು.’ ಅಲೋ ಅದನ್ನು ಎರಡು ಸಲ ಓದಿ, ಸಾಹೇಬರ ಜೇಬಿನಿಂದಲೇ ಒಂದು ಪೆನ್ನು ಕೇಳಿ ಪಡೆದು, ಕೆಳಗೆ ಬರೆದಳು: ‘ಕಲಿಸುವವರು ಮಹಾಪ್ರಾಣ ಕಲಿತ ಮಾರನೆಯ ದಿನದಿಂದ.’ ಬರೆಯುವಾಗ ಅವಳಿಗೆ ಎಲ್ಲ ಅಕ್ಷರಗಳೂ ಬರುತ್ತಿದ್ದವು. ಮೇಡಂ ಅದರ ಮೇಲೆ ರುಜು ಹಾಕಿ ಫೈಲಿಗೆ ಸೇರಿಸಿದರು. ಜೇನು ಮಾರನೆಯ ದಿನ ತನ್ನ ಪಾಳಿ ಮುಗಿದರೂ ಹೋಗದೆ, “ಅಕ್ಕ, ಇಪ್ಪತ್ತೇಳಕ್ಕೂ ಮೂವತ್ತೊಂದಕ್ಕೂ ಸದ್ದಲ್ಲಿ ಏನು ವ್ಯತ್ಯಾಸ, ಸ್ವಲ್ಪ ಹೇಳ್ಕೊಡಿ,” ಅಂತ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ.

ಮಗಳ ವಿಷಯ ಅಲೋಗೆ ತಿಳಿದದ್ದು ಸ್ಪ್ಯಾನರ್‌ಳಿಂದ. ಶಾಲೆ ಬಿಟ್ಟು ನಾಲ್ಕು ಹುಡುಗಿಯರು ಬಸ್ಸಿಗೆ ಕಾಯುತ್ತ ನಿಂತಿದ್ದರಂತೆ. ಲೌಡ್‌ಸ್ಪೀಕರ್ ಕೇಳಿ ಒಬ್ಬಳು, “ಯಾರೇ ಅದು, ‘ಒರಡಲಿದೆ’ ಅಂತೆ!” ಅಂದು ಬಿದ್ದು ಬಿದ್ದು ನಕ್ಕಳಂತೆ. ಮಗಳು ಆಗ ಸುಮ್ಮನಿದ್ದಳಂತೆ. ಇನ್ನೊಂದು ಬಸ್ಸು ಬಂತು, ಇನ್ನೊಂದು ಸಲ ಕೇಳಿಸಿತು.

“ಆಗ ‘ನಮ್ಮಮ್ಮ’ ಅಂದ್ಲಕ್ಕ. ಮುಖ ಕೆಂಪಾಗಿತ್ತು. ‘ನಮ್ಮಮ್ಮ. ಬಸ್ ನೋಡದೇನೇ ಹೇಳ್ತಾಳೆ. ನಿಮ್ಮಮ್ಮ ಹೇಳ್ಲಿ ನೋಡೋಣ’ ಅಂದ್ಲು. ನಾನು ಬಸ್ಸಿನಡೀಲಿ ಮಲಗಿದ್ದೆ, ತಲೆ ಹೊರಗೆ ಹಾಕಿ ನೋಡ್ದೆ, ಎಲ್ಲಾ ಕೇಳಿಸ್ತು.”

“ಸುಳ್ಳು ಏಳ್ತಿದೀಯಾ?”

“ಗ್ರೀಸಿನ ಆಣೆ.”

ಅಲೋ ಅರ್ಧ ನಿಮಿಷ ಡಬ್ಬಿಯ ಮುಚ್ಚಳ ಒರೆಸಿದಳು. ಅದು ಆಗಲೇ ಚೊಕ್ಕಟವಾಗಿತ್ತು.

ಮೂರನೇ ವಾರಕ್ಕೆ ನಿಲ್ದಾಣಕ್ಕೆ ಅಂಚೆಯಲ್ಲಿ ಒಂದು ದೂರು ಬಂತು. ಕಂಟ್ರೋಲರ್ ಸಾಹೇಬರು ಅದನ್ನು ಹಿಡಿದುಕೊಂಡು, ಕಳೆದುಹೋದ ಛತ್ರಿ ಸಿಕ್ಕವರ ಹಾಗೆ, ಅಲೋ ಕಿಟಕಿಗೆ ಬಂದು ಓದಿದರು. ‘ನಿಮ್ಮ ನಿಲ್ದಾಣದ ಮಹಿಳೆಯ ಉಚ್ಚಾರಣೆ ಕೇಳಿ ಕಿವಿ ಮುಚ್ಚಿಕೊಳ್ಳಬೇಕಾಯಿತು. ನಾಚಿಕೆಗೇಡು.’

“ಏನ್ ಹೇಳ್ತೀರಮ್ಮ ಇದಕ್ಕೆ?”

“ಇವರು ಯಾವ ಬಸ್ಸಿಗೆ ಬಂದಿದ್ರು ಸಾರ್?”

ಸಾಹೇಬರು ಕಾಗದ ಮಗುಚಿದರು. “ಹತ್ತೊಂಬತ್ತು.”

“ಸಿಕ್ತಾ?”

“ಸಿಕ್ಕಿರಬೇಕು. ಊರಿಗೆ ಹೋಗಿ ಅಲ್ಲಿಂದಾನೇ ಬರೆದಿದಾರೆ.”

“ಆಯ್ತಲ್ಲ. ಕಿವಿ ಮುಚ್ಕೊಂಡ್ರೂ ಊರು ಸೇರಿದಾರೆ.” ಅಲೋ ಕೈ ಎತ್ತಿ ಅವರನ್ನು ತಡೆದಳು. ಗೇಟಿನ ಆಚೆ ಒಂದು ಎಂಜಿನ್ನು ಗೇರು ಇಳಿಸುತ್ತಿತ್ತು. “ಸ್ವಲ್ಪ ಇರಿ ಸಾರ್, ಬಸ್ ಬರ್ತಿದೆ.”

ಗುಂಡಿ ಒತ್ತಿದಳು. “ನಲವತ್ತು. ಅಂಕಣ ಅನ್ನೊಂದು.” ಹೊರಗೆ ಯಾರೋ ನಕ್ಕರು. ಅವಳು ಅದೇ ಮಾತನ್ನು, ಅದೇ ಹಾಗೆ, ಮೊದಲಿಗಿಂತ ಜೋರಾಗಿ ಇನ್ನೊಂದು ಸಲ ಹೇಳಿದಳು.